ಗಿರಾಕಿಯ ತಪ್ಪಲ್ಲ

ಇಸ್ತ್ರಿಯಕ್ಕನಿಗೆ ತನ್ನ ಪಾಸ್‌ಪೋರ್ಟು ಕಳೆದಿದೆ ಎಂದು ಗೊತ್ತಾದದ್ದು ಗುಮಾಸ್ತನ ಬಾಯಿಂದ. ಕಳೆದವಳು ತಾನೇ ಎಂದು ಗೊತ್ತಾದದ್ದೂ ಅವನ ಬಾಯಿಂದಲೇ.

“ನಿನ್ನ ಪಾಸ್‌ಪೋರ್ಟು ನೀನು ಬಸ್ಸಲ್ಲಿ ಕಳ್ಕೊಂಡಿದ್ದೀಯ,” ಎಂದ ಅವನು. ಮೇಜಿನ ಮೇಲೆ ಒಂದು ಕಾಗದ ಸರಿಸಿದ. “ಇಲ್ಲಿ ಸೈನ್ ಹಾಕು.”

“ನಾನಾ?”

“ಮತ್ತೆ ನಾನಾ?”

“ಯಾವಾಗ ಕಳ್ಕೊಂಡೆ ಸಾಹೇಬ್ರೆ?”

ಗುಮಾಸ್ತ ಕಾಗದ ನೋಡಿ ಹೇಳಿದ. “ಹೋದ ತಿಂಗಳು ಹನ್ನೆರಡನೇ ತಾರೀಕು. ಬೆಳಿಗ್ಗೆ ಹತ್ತು ಗಂಟೆಗೆ.”

ಇಸ್ತ್ರಿಯಕ್ಕನಿಗೆ ನಗು ಬಂತು. ಹನ್ನೆರಡನೇ ತಾರೀಕು ಹತ್ತು ಗಂಟೆಗೆ ತಾನು ಎಲ್ಲಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವಾರದ ರಜೆ ಬಿಟ್ಟರೆ ಎಲ್ಲ ತಿಂಗಳ ಎಲ್ಲ ತಾರೀಕಿನ ಹತ್ತು ಗಂಟೆಗೂ ಅವಳು ಇರುತ್ತಿದ್ದುದು ಒಂದೇ ಜಾಗದಲ್ಲಿ. ಬಿಸಿ ಉರುಳೆಯ ಮುಂದೆ.

ಅದು ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಊರು ಬಿಟ್ಟು, ಸಮುದ್ರ ದಾಟಿ ಅವಳು ಅಲ್ಲಿಗೆ ಬಂದು ಮೂರೂವರೆ ವರ್ಷವಾಗಿತ್ತು. ಉರುಳೆ ಎಂದರೆ ಮಂಚದಷ್ಟು ಉದ್ದದ ಕಬ್ಬಿಣದ ಕೊಳವೆ. ಒಳಗೆಲ್ಲ ಹಬೆ. ಒದ್ದೆ ದುಪ್ಪಟಿಯ ಎರಡು ಮೂಲೆ ಹಿಡಿದು, ಝಾಡಿಸಿ, ಅದರ ಬಾಯಿಗೆ ಕೊಡಬೇಕು. ಅದು ಎಳೆದುಕೊಳ್ಳುತ್ತದೆ. ಆ ಕಡೆಯಿಂದ ದುಪ್ಪಟಿ ಒಣಗಿ, ಸುಕ್ಕಿಲ್ಲದೆ ಬರುತ್ತದೆ. “ಒಂದು ಬೆರಳು ಮುಂದೆ ಹೋಯ್ತೋ, ಕೈಯೂ ಸುಕ್ಕಿಲ್ಲದೆ ಬರುತ್ತೆ,” ಎಂದು ಹೊಸದಾಗಿ ಬಂದವರಿಗೆ ಅವಳು ಹೇಳುತ್ತಿದ್ದಳು. ಅವಳ ಎಡ ಮುಂಗೈ ಮೇಲೆ ಮೂರು ಬರೆಗಳಿದ್ದವು. ಹನ್ನೆರಡು ಗಂಟೆ ನಿಂತ ಕಾಲು ಸಂಜೆಗೆ ದಿಂಬಿನಂತೆ ಊದುತ್ತಿತ್ತು. ಕಕ್ಕಸಿಗೆ ಹೋಗಬೇಕಾದರೆ ಗುಮಾಸ್ತನ ಕೈಯಿಂದ ಬಿಲ್ಲೆ ಇಸಿದುಕೊಳ್ಳಬೇಕು. ದಿನಕ್ಕೆ ಮೂರೇ ಬಿಲ್ಲೆ. ಒಮ್ಮೆ ಅವಳು ನಾಲ್ಕನೆಯದು ಕೇಳಿದಾಗ “ನೀರು ಕಮ್ಮಿ ಕುಡಿ” ಎಂದಿದ್ದ. ಎಲ್ಲರ ಮುಂದೆ, ಜೋರಾಗಿ.

ಗುಮಾಸ್ತನಿಗೆ ಲಾಂಡ್ರಿಯ ಹೆಂಗಸರು ಇಟ್ಟ ಹೆಸರು ಮುದ್ರೆಯಪ್ಪ. ಏನು ಕೊಟ್ಟರೂ ಅದರ ಮೇಲೊಂದು ಮುದ್ರೆ ಒತ್ತುತ್ತಿದ್ದ. ಅವನು ಅವರ ಭಾಷೆಯವನೇ. ಅದೇ ತೊಂದರೆಯಾಗಿತ್ತು. ಬೇರೆ ಭಾಷೆಯವನು ಬೈದರೆ ಅರ್ಧ ಗಾಳಿಗೆ ಹೋಗುತ್ತದೆ. ಇವನು ಬೈದದ್ದರಲ್ಲಿ ಒಂದಕ್ಷರವೂ ದಂಡವಾಗುತ್ತಿರಲಿಲ್ಲ. ಮಾಲೀಕನನ್ನು ಅವರಾರೂ ಕಂಡಿರಲಿಲ್ಲ. ಆಫೀಸಿನ ಗೋಡೆಯಲ್ಲಿ ಅವನ ಫೋಟೋ ಇತ್ತು.

ಆ ಪಾಸ್‌ಪೋರ್ಟು ಇಸ್ತ್ರಿಯಕ್ಕನ ಕೈಯಲ್ಲಿ ಇದ್ದುದೇ ಅರ್ಧ ಗಂಟೆ. ವಿಮಾನ ಇಳಿದು, ಠಸ್ಸೆ ಹಾಕಿಸಿಕೊಂಡು, ವ್ಯಾನಿನ ತನಕ ನಡೆದು ಬಂದಿದ್ದಳು. ವ್ಯಾನಿನ ಬಾಗಿಲಲ್ಲಿ ಮುದ್ರೆಯಪ್ಪ ಕೈ ಚಾಚಿ ನಿಂತಿದ್ದ. “ಕೊಡಿ ಕೊಡಿ, ಕಳ್ಕೊಂಡುಬಿಡ್ತೀರ. ಆಫೀಸ್ ಬೀರುವಲ್ಲಿ ಜೋಪಾನವಾಗಿರುತ್ತೆ.” ಹಾಗೆ ಜೋಪಾನವಾಗಿ ಇಟ್ಟ ಪಾಸ್‌ಪೋರ್ಟೇ ಈಗ ಬಸ್ಸಿನಲ್ಲಿ ಕಳೆದಿತ್ತು.

ಅವಳು ಅದನ್ನು ಕೇಳಲು ಬಂದದ್ದಕ್ಕೆ ಕಾರಣವಿತ್ತು. ಊರಿನಲ್ಲಿ ಮಗಳಿಗೆ ಏಳು ತಿಂಗಳು. ಚೊಚ್ಚಲು. “ಅಮ್ಮ, ನೀನು ಬಾಣಂತನಕ್ಕೆ ಬರ್ತೀಯೋ, ಮಗೂ ಮದುವೆಗೆ ಬರ್ತೀಯೋ?” ಎಂದು ಮಗಳು ಫೋನಿನಲ್ಲಿ ರೇಗಿಸಿದ್ದಳು. ಮೂರೂವರೆ ವರ್ಷಕ್ಕೆ ಮೊದಲ ಸಲ ಊರಿಗೆ ಹೋಗಲು ರಜೆ ಸಿಕ್ಕಿತ್ತು. ಪಾಸ್‌ಪೋರ್ಟಿಲ್ಲದೆ ಹೋಗುವುದು ಹೇಗೆ? ವೀಸಾ ಕೂಡ ಅದರ ಹಾಳೆಗೇ ಅಂಟಿಸಿದ್ದು. ಪುಸ್ತಕ ಹೋದರೆ ವೀಸಾವೂ ಹೋಯಿತು. ವೀಸಾ ಇಲ್ಲದವಳು ಆ ನಾಡಿನ ಪಾಲಿಗೆ ಇಲ್ಲದವಳೇ.

“ನಾಳೆ ಹಾಕ್ತೀನಿ ಸಾಹೇಬ್ರೆ,” ಎಂದಳು. “ಈಗ ಉರುಳೆಯಿಂದ ಬಂದೆ. ಕೈ ಸುಡ್ತಿದೆ, ಪೆನ್ನು ನಿಲ್ಲಲ್ಲ.” ಕಾಗದ ಮಡಚಿ ರವಿಕೆಗೆ ಸೇರಿಸಿಕೊಂಡು ಬಂದಳು.

ಮರುದಿನ ವಾರದ ರಜೆ. ಎಂಟು ಮಂದಿಯ ಕೋಣೆ, ಒಂದರ ಮೇಲೊಂದು ಮಂಚ. ಮಧ್ಯಾಹ್ನ ಊಟವಾದ ಮೇಲೆ ಕಾಗದವನ್ನು ಗುಂಡಿ ಚಿಕ್ಕಮ್ಮನ ಕೈಗೆ ಕೊಟ್ಟಳು. ಚಿಕ್ಕಮ್ಮ ಲಾಂಡ್ರಿಯಲ್ಲಿ ಕಿತ್ತುಹೋದ ಗುಂಡಿ ಹೊಲಿಯುವವಳು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳು, ಹಾಗಾಗಿ ಎಲ್ಲರಿಗೂ ಚಿಕ್ಕಮ್ಮ. ಕನ್ನಡಕಕ್ಕೆ ಕಪ್ಪು ದಾರ ಕಟ್ಟಿಕೊಂಡು ಓದಿದಳು.

“‘ನಾನು ನಗರ ಬಸ್ಸಿನಲ್ಲಿ ಪ್ರಯಾಣಿಸುವಾಗ ನನ್ನ ಅಜಾಗರೂಕತೆಯಿಂದ ಪಾಸ್‌ಪೋರ್ಟನ್ನು ಸೀಟಿನ ಕೆಳಗೆ ಬೀಳಿಸಿ ಕಳೆದುಕೊಂಡಿರುತ್ತೇನೆ. ಇದರಲ್ಲಿ ಕಂಪನಿಯವರ ಪಾತ್ರ ಏನೂ ಇರುವುದಿಲ್ಲ...’”

ಅಷ್ಟಕ್ಕೇ ನಿಲ್ಲಿಸಿದಳು. ಎದ್ದು ತನ್ನ ದಿಂಬಿನ ಕೆಳಗಿನಿಂದ ಇನ್ನೊಂದು ಕಾಗದದ ನಕಲು ತೆಗೆದಳು. ಎರಡನ್ನೂ ಪಕ್ಕಪಕ್ಕ ಹಾಸಿದಳು. ತಾರೀಕು ಅದೇ. ಗಂಟೆ ಅದೇ. ಬಸ್ಸು ಅದೇ. ಸೀಟಿನ ಕೆಳಗೆ ಬಿದ್ದದ್ದೂ ಅದೇ.

“ಹೋದ ವಾರ ನನ್ನ ಕೈಲೂ ಹಾಕಿಸ್ಕೊಂಡ ಕಣೇ. ಬಟ್ಟೆ ಒಗೆಯೋ ಹಾಲ್‌ನಲ್ಲಿರೋ ಆ ಇಬ್ಬರು ವಾರಗಿತ್ತಿಯರ ಕೈಲೂ ಹಾಕಿಸಿದ್ದಾನೆ. ಯಾರಿಗೂ ಹೇಳ್ಬೇಡ, ನಿಂಗೊಬ್ಬಳಿಗೆ ಸಹಾಯ ಮಾಡ್ತಿದ್ದೀನಿ ಅಂದ.”

“ಅಲ್ಲ ಚಿಕ್ಕಮ್ಮ, ನಾವು ನಾಲ್ಕು ಜನ ಒಂದೇ ಬಸ್ಸಲ್ಲಿ ಹೋಗಿದ್ದೀವಿ, ಒಬ್ಬರನ್ನೊಬ್ಬರು ಮಾತಾಡಿಸೇ ಇಲ್ವಲ್ಲ. ಎಷ್ಟು ಬಿಗುಮಾನ ನೋಡು ನಮಗೆ!”

ಚಿಕ್ಕಮ್ಮ ನಗಲಿಲ್ಲ. “ಹಾಕದಿದ್ರೆ ಪೊಲೀಸ್ರು ಹಿಡ್ಕೊಂಡು ಹೋಗ್ತಾರೆ ಅಂದ. ನಂಗೆ ಭಯ ಆಯ್ತು.”

“ಇಲ್ಲಿಗೆ ಬಂದ ಮೇಲೆ ಒಂದು ದಿನ ಬಸ್ಸು ಹತ್ತಿದ್ದೀಯಾ?”

“ಬಸ್ಸಿಗೆ ಯಾವ ಬಣ್ಣ ಬಳಿದಿದ್ದಾರೆ ಅಂತಾನೂ ನೋಡಿಲ್ಲ.”

ನಿಜ. ಕೋಣೆಯಿಂದ ಲಾಂಡ್ರಿಗೆ, ಲಾಂಡ್ರಿಯಿಂದ ಕೋಣೆಗೆ ಅವರನ್ನು ಸಾಗಿಸುತ್ತಿದ್ದುದು ಬಟ್ಟೆಯ ವ್ಯಾನು. ಅದಕ್ಕೆ ಕಿಟಕಿ ಇರಲಿಲ್ಲ.

“ಬುದ್ಧಿವಂತ ಅಂದ್ಕೊಂಡಿದ್ದೆ ಇವನನ್ನ,” ಎಂದಳು ಇಸ್ತ್ರಿಯಕ್ಕ. “ಸುಳ್ಳು ಹೇಳೋಕೂ ಸೋಮಾರಿತನ. ಒಬ್ಬಳನ್ನ ರೈಲಲ್ಲಾದ್ರೂ ಕೂರಿಸ್ಬಾರ್ದಿತ್ತಾ?”

ಬಾಯಲ್ಲಿ ತಮಾಷೆಯಿದ್ದರೂ ಆ ಒಂದು ಪದ ಅವಳನ್ನು ಚುಚ್ಚುತ್ತಿತ್ತು. ಅಜಾಗರೂಕತೆ. ಅವಳ ಅಮ್ಮ ಊರಿನ ಎಪ್ಪತ್ತು ಮನೆಯ ಬಟ್ಟೆ ಒಗೆದವಳು. ಒಂದು ಕರವಸ್ತ್ರ ಕಳೆದವಳಲ್ಲ. ಆದರೂ ಯಾರ ಮನೆಯಲ್ಲಿ ಏನು ಕಾಣೆಯಾದರೂ ಮೊದಲು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದುದು ಅವಳನ್ನೇ. ಅಮ್ಮ ಗಂಟು ಬಿಚ್ಚಿ, ಒಂದೊಂದೇ ಬಟ್ಟೆ ಕೊಡವಿ ತೋರಿಸುತ್ತಿದ್ದಳು. ಪ್ರತಿ ಸಲವೂ. ಲಂಗ ತೊಟ್ಟ ಇಸ್ತ್ರಿಯಕ್ಕ ಪಕ್ಕದಲ್ಲಿ ನಿಂತು ನೋಡಿದ್ದಳು. ಕಾಣೆಯಾದ ವಸ್ತು ಆ ಮನೆಯಲ್ಲೇ ಸಿಕ್ಕಾಗ ಬಂದು ಹೇಳಿದವರು ಒಬ್ಬರೂ ಇಲ್ಲ.

“ನಾನು ಹಾಕಲ್ಲ,” ಎಂದಳು.

ಆದರೆ ಮುದ್ರೆಯಪ್ಪನಿಗೆ ಹಾಗೆ ಹೇಳಲಿಲ್ಲ. “ಪೊಲೀಸ್ರ ಮುಂದೇನೇ ಹಾಕ್ತೀನಿ ಸಾಹೇಬ್ರೆ. ಆಗ ಅವ್ರಿಗೂ ಅನುಮಾನ ಬರಲ್ಲ,” ಎಂದಳು. “ಈಗ ಬುದ್ಧಿ ಬಂತು ನೋಡು,” ಎಂದು ಅವನು ಖುಷಿಪಟ್ಟ. ಸೋಮವಾರ ಬೆಳಿಗ್ಗೆ ವ್ಯಾನಿನಲ್ಲಿ ಠಾಣೆಗೆ ಕರೆದುಕೊಂಡು ಹೋದ.

ಠಾಣೆಯಲ್ಲಿ ಮೇಜಿನ ಹಿಂದೆ ಕೂತಿದ್ದವಳು ಒಬ್ಬ ಅಧಿಕಾರಿಣಿ. ಇಸ್ತ್ರಿಯಕ್ಕ ಮೊದಲು ನೋಡಿದ್ದು ಅವಳ ಅಂಗಿಯನ್ನು. ತೋಳಿನ ಮೇಲೆ ಎರಡು ಗೆರೆ ಬಿದ್ದಿದ್ದವು. ಯಾರೋ ಕೈ ಪಳಗದವರು ಇಸ್ತ್ರಿ ಮಾಡಿದ್ದಾರೆ ಎಂದುಕೊಂಡಳು. ಹೆದರಿಕೆ ಸ್ವಲ್ಪ ಇಳಿಯಿತು.

ಅಧಿಕಾರಿಣಿ ಏನೋ ಕೇಳಿದಳು. ಮುದ್ರೆಯಪ್ಪ ಆ ನಾಡಿನ ಭಾಷೆಯಲ್ಲಿ ಉದ್ದಕ್ಕೆ ಹೇಳತೊಡಗಿದ. ಇಸ್ತ್ರಿಯಕ್ಕನಿಗೆ ಆ ಭಾಷೆಯಲ್ಲಿ ಗೊತ್ತಿದ್ದುದು ಹದಿನೇಳು ಮಾತು. ಎಲ್ಲವೂ ಬಟ್ಟೆಗೆ ಕಟ್ಟುವ ಚೀಟಿಯ ಮೇಲೆ ಅಚ್ಚಾಗಿದ್ದವು. ಕಲೆ. ಸುಟ್ಟಿದೆ. ಹರಿದಿದೆ. ಗುಂಡಿ ಇಲ್ಲ. ಕಳೆದಿದೆ. ಚೀಟಿಯ ಕೊನೆಯಲ್ಲಿ ಎರಡು ಚೌಕಗಳಿದ್ದವು. ಏನಾದರೂ ಹಾಳಾದಾಗ ಅದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಒಂದು, ಗಿರಾಕಿಯ ತಪ್ಪು. ಇನ್ನೊಂದು, ಅಂಗಡಿಯ ತಪ್ಪು.

ಮುದ್ರೆಯಪ್ಪನ ಮಾತಿನ ನಡುವೆ ‘ಕಳೆದಿದೆ’ ಎಂಬುದು ಅವಳಿಗೆ ಕೇಳಿಸಿತು. ಅಧಿಕಾರಿಣಿ ತಲೆಯಾಡಿಸಿ ಬರೆಯಲು ಪೆನ್ನು ತೆಗೆದಳು. ಮುದ್ರೆಯಪ್ಪ ಇಸ್ತ್ರಿಯಕ್ಕನ ಕಡೆ ತಿರುಗಿ “ಹೂಂ, ಹಾಕು” ಎಂದ.

ಇಸ್ತ್ರಿಯಕ್ಕ ಎದ್ದು ನಿಂತಳು. ಅಧಿಕಾರಿಣಿಯ ಮುಖ ನೋಡಿ, ಆ ನಾಡಿನ ಭಾಷೆಯಲ್ಲೇ, ಚೀಟಿ ಓದಿದ ಹಾಗೆ ಹೇಳಿದಳು.

“ಪಾಸ್‌ಪೋರ್ಟು. ಕಳೆದಿದೆ. ಗಿರಾಕಿಯ ತಪ್ಪಲ್ಲ. ಅಂಗಡಿಯ ತಪ್ಪು.”

ಪೆನ್ನು ನಿಂತಿತು. ಅಧಿಕಾರಿಣಿ ಏನೋ ಕೇಳಿದಳು. ಮುದ್ರೆಯಪ್ಪ ನಗುತ್ತಾ ಹಣೆಯ ಪಕ್ಕ ಬೆರಳು ತಿರುವಿ ತೋರಿಸಿದ. ತಲೆ ಸರಿಯಿಲ್ಲ ಎಂದು. ಅದಕ್ಕೆ ಭಾಷೆ ಬೇಕಿರಲಿಲ್ಲ.

ಇಸ್ತ್ರಿಯಕ್ಕನ ಹತ್ತಿರ ಮುಂದಿನ ಮಾತುಗಳಿರಲಿಲ್ಲ. ಕೈ ಇತ್ತು. ತನ್ನ ಎದೆ ಮುಟ್ಟಿಕೊಂಡಳು. ಅಂಗೈಯನ್ನು ಪುಸ್ತಕದಂತೆ ಮಡಚಿದಳು. ಅದನ್ನು ಮುದ್ರೆಯಪ್ಪನ ಕೈಗೆ ಕೊಟ್ಟಂತೆ ಮಾಡಿದಳು. ಗಾಳಿಯಲ್ಲಿ ಬೀರುವಿನ ಬಾಗಿಲು ಹಾಕಿ, ಬೀಗ ತಿರುವಿದಳು. ಆಮೇಲೆ ಅವನ ಸೊಂಟದಲ್ಲಿ ನೇತಾಡುತ್ತಿದ್ದ ಬೀಗದ ಕೈಗಳ ಗೊಂಚಲಿಗೆ ಬೆರಳು ತೋರಿಸಿದಳು.

“ಸುಮ್ನಿರೇ!” ಎಂದು ಹಲ್ಲು ಕಡಿದ ಮುದ್ರೆಯಪ್ಪ. “ಊರಿಗೆ ಹೋಗೋ ಆಸೆ ಇಲ್ವಾ ನಿಂಗೆ? ಒಂದು ಸೈನ್ ಕಣೇ, ಅಷ್ಟೇ.”

“ಅಷ್ಟೇ ಆದ್ರೆ ನೀವೇ ಹಾಕಿ ಸಾಹೇಬ್ರೆ. ನಿಮ್ಮ ಕೈಬರಹ ನನ್ನದಕ್ಕಿಂತ ಚೆನ್ನಾಗಿದೆ.”

“ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ.”

“ನನ್ನ ಒಳ್ಳೇದನ್ನ ಮೂರೂವರೆ ವರ್ಷ ಬೀರುವಲ್ಲಿ ಇಟ್ಟಿದ್ರಲ್ಲ. ಸಾಕು. ನಾನು ಕಳೆದಿಲ್ಲ. ನನ್ನದಲ್ಲದ ತಪ್ಪಿಗೆ ನಾನು ಹೆಸರು ಬರೆಯಲ್ಲ. ಇಲ್ಲೇ ಕೂಡಿ ಹಾಕ್ಲಿ. ಉರುಳೆಗಿಂತ ತಂಪಾಗಿದೆ ಇಲ್ಲಿ.”

ಅಧಿಕಾರಿಣಿ ಇಬ್ಬರನ್ನೂ ನೋಡಿದಳು. ಫೋನು ಎತ್ತಿ ಯಾರೊಂದಿಗೋ ಮಾತಾಡಿ, ಅದನ್ನು ಮೇಜಿನ ನಡುವೆ ಇಟ್ಟಳು. ಅದರೊಳಗಿಂದ ಒಂದು ಹೆಂಗಸಿನ ದನಿ ಬಂತು. “ನಮಸ್ಕಾರ ಅಮ್ಮ. ನಾನು ದುಭಾಷಿ. ನೀವು ನಿಮ್ಮ ಭಾಷೇಲೇ ಹೇಳಿ.”

ಮೂರೂವರೆ ವರ್ಷದಲ್ಲಿ ಯಾರೂ ಅವಳನ್ನು ‘ನೀವು’ ಎಂದಿರಲಿಲ್ಲ. ಇಸ್ತ್ರಿಯಕ್ಕ ಫೋನಿನ ಕಡೆ ಬಗ್ಗಿ ಎಲ್ಲ ಹೇಳಿದಳು. ವ್ಯಾನು, ಬೀರು, ನಾಲ್ವರ ಕಾಗದ, ಹತ್ತಿಲ್ಲದ ಬಸ್ಸು. ದುಭಾಷಿ ಒಂದೊಂದೇ ಮಾತನ್ನು ಅಧಿಕಾರಿಣಿಗೆ ದಾಟಿಸಿದಳು.

ಮುದ್ರೆಯಪ್ಪ ಹಣೆ ಹಿಡಿದು ತನ್ನಷ್ಟಕ್ಕೆ ಗೊಣಗಿದ. “ಹಾಳಾಗೋಯ್ತು. ಬಣ್ಣ ಬಳಿಯೋವಾಗ ಗುಜರಿಗೆ ಹೋದ ಚೀಲಾನ ಈಗ ನಾನೆಲ್ಲಿಂದ ತರ್ಲಿ?”

ದುಭಾಷಿ ತನ್ನ ಕೆಲಸದಲ್ಲಿ ನಿಷ್ಠೆಯ ಹೆಂಗಸು. ಅದನ್ನೂ ಅನುವಾದಿಸಿಬಿಟ್ಟಳು.

ಆಫೀಸಿಗೆ ಬಣ್ಣ ಬಳಿಯುವಾಗ ಬೀರುವನ್ನು ಹೊರಗಿಟ್ಟಿದ್ದರು. ಕೆಳಗಿನ ಗೂಡಿನಲ್ಲಿದ್ದ ಒಂದು ಚೀಲ ಹಳೆಯ ಕಾಗದದ ಜೊತೆ ಗುಜರಿ ಗಾಡಿಗೆ ಹೋಗಿತ್ತು. ಅಷ್ಟೇ ನಡೆದದ್ದು. ಆ ನಾಡಿನ ಕಾನೂನಿನಲ್ಲಿ ಕೆಲಸದವರ ಪಾಸ್‌ಪೋರ್ಟನ್ನು ಯಜಮಾನ ಇಟ್ಟುಕೊಳ್ಳುವ ಹಾಗೇ ಇಲ್ಲ ಎಂದು ದುಭಾಷಿ ತಿಳಿಸಿದಳು. ಕೆಲಸದವಳು ತಾನೇ ಕಳೆದರೆ ಹೊಸ ವೀಸಾದ ಹೊಣೆ ಕಂಪನಿಗಿಲ್ಲ. ಕಂಪನಿ ಕಳೆದರೆ ಕಂಪನಿಯೇ ಬರೆದುಕೊಟ್ಟು ಮಾಡಿಸಿಕೊಡಬೇಕು. ಬಸ್ಸು ಹುಟ್ಟಿದ್ದು ಏಕೆಂದು ಇಸ್ತ್ರಿಯಕ್ಕನಿಗೆ ಆಗ ತಿಳಿಯಿತು.

ಹೇಳಿಕೆ ಬರೆದಾದ ಮೇಲೆ ಅವಳು ಸಹಿ ಹಾಕಿದಳು. ಒಂದೊಂದೇ ಅಕ್ಷರ, ನಿಧಾನವಾಗಿ. ಅಷ್ಟು ಹೊತ್ತೂ ಮುದ್ರೆಯಪ್ಪ ನಿಂತೇ ಇದ್ದ. ಅವನಿಗೆ ಕೂರಲು ಯಾರೂ ಹೇಳಲಿಲ್ಲ.

ಮರುದಿನವೇ ಅವಳನ್ನು ಉರುಳೆಯಿಂದ ತೆಗೆದು ಒಗೆಯುವ ಹಾಲಿಗೆ ಹಾಕಿದರು. ಅಲ್ಲಿ ಕಣಕಾಲು ಮುಳುಗುವಷ್ಟು ಸಾಬೂನು ನೀರು. ಯಂತ್ರದ ಹೊಟ್ಟೆಯಿಂದ ಒದ್ದೆ ದುಪ್ಪಟಿಗಳನ್ನು ಎಳೆದು ಹಾಕಬೇಕು. ಒಂದೊಂದು ಗಂಟೂ ಹೆಣದ ಭಾರ. ನಾಲ್ಕು ದಿನಕ್ಕೆ ಕಾಲ್ಬೆರಳ ಸಂದಿ ಕೊಳೆಯಿತು. ಹೊಸ ಪಾಸ್‌ಪೋರ್ಟು ಮಾಡಿಸಲು ಅವರ ದೇಶದ ಕಚೇರಿಗೆ ಹೋಗಬೇಕೆಂದಾಗ ವ್ಯಾನು ಕೊಡಲಿಲ್ಲ. “ಅಷ್ಟು ಗೊತ್ತಿದ್ದವಳು ನೀನೇ ಹೋಗು,” ಎಂದ ಮುದ್ರೆಯಪ್ಪ.

ವಾರದ ರಜೆಗೆ ಬದಲು ಒಂದು ಕೆಲಸದ ದಿನ ಬಿಡುವು ಮಾಡಿಕೊಂಡು ಅವಳೂ ಗುಂಡಿ ಚಿಕ್ಕಮ್ಮನೂ ಹೊರಟರು. ಕೇಳಿ ಕೇಳಿ ಬಸ್ಸು ಹಿಡಿದರು. ಆ ಊರಿನಲ್ಲಿ ಅವರು ಹತ್ತಿದ ಮೊದಲ ಬಸ್ಸು ಅದು. ಹಳದಿ ಬಣ್ಣ. ಕೂತ ತಕ್ಷಣ ಇಸ್ತ್ರಿಯಕ್ಕ ಬಗ್ಗಿ ಸೀಟಿನ ಕೆಳಗೆ ಇಣುಕಿದಳು.

“ಏನೇ ಅದು?” ಎಂದಳು ಚಿಕ್ಕಮ್ಮ.

“ಬಿದ್ದಿದ್ಯಾ ಅಂತ ನೋಡ್ತಿದ್ದೀನಿ. ಸಿಕ್ರೆ ಇಲ್ಲಿಂದಲೇ ವಾಪಸ್ ಹೋಗೋಣ.”

ಚಿಕ್ಕಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಎಷ್ಟು ನಕ್ಕಳೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. “ನಾನೂ ಆ ಕಾಗದ ವಾಪಸ್ ತಗೋತೀನಿ ಕಣೇ,” ಎಂದಳು ಆಮೇಲೆ. “ಠಾಣೆಗೆ ಹೋಗಿ ನಾನೂ ಹೇಳ್ತೀನಿ.” ವಾರಗಿತ್ತಿಯರೂ ಬರುತ್ತೇವೆಂದಿದ್ದರು.

ಕಚೇರಿಯಲ್ಲಿ ಮೂರು ಗಂಟೆ ಸಾಲು. ಕಿಟಕಿಯ ಹಿಂದಿನವನು ತಲೆಯೆತ್ತದೆ ಕೇಳಿದ. “ಕಳೆದ್ಬಿಟ್ರಾ? ಒಂದು ಪುಸ್ತಕ ಜೋಪಾನವಾಗಿ ಇಟ್ಕೊಳ್ಳೋಕಾಗಲ್ವಾ ನಿಮ್ಮಂಥವ್ರಿಗೆ?”

“ಇಟ್ಕೊಳ್ಳೋಕೆ ಕೊಟ್ರೆ ತಾನೇ ಸಾರ್.” ಠಾಣೆಯ ಕಾಗದವನ್ನು ಅವನ ಮೂಗಿನ ಕೆಳಗೆ ಇಟ್ಟಳು. ಅವನು ಅದನ್ನು ಓದಿದ. ಬೆರಳಚ್ಚಿನ ಯಂತ್ರ ಮುಂದೆ ತಳ್ಳಿದ.

ಯಂತ್ರ ಕೆಂಪು ದೀಪ ತೋರಿಸಿತು. “ಕೈ ಒರೆಸ್ಕೊಂಡು ಇಡಿ.” ಒರೆಸಿ ಇಟ್ಟಳು. ಕೆಂಪು. ಇನ್ನೊಂದು ಬೆರಳು. ಕೆಂಪು. ಅವನು ಅವಳ ಕೈ ಎಳೆದು ನೋಡಿದ. “ಬೆರಳಲ್ಲಿ ಗೆರೆನೇ ಇಲ್ವಲ್ರೀ!”

“ಇತ್ತು ಸಾರ್. ಇಸ್ತ್ರಿ ಆಗೋಯ್ತು.”

“ಮತ್ತೆ ನೀವು ನೀವೇ ಅಂತ ನಾನು ನಂಬೋದು ಹೇಗೆ?”

ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಒಂಬತ್ತು ಬೆರಳು ಅವಳನ್ನು ಅವಳಲ್ಲ ಎಂದವು. ಕೊನೆಗೆ ಎಡಗೈಯ ಕಿರುಬೆರಳು ಇಟ್ಟಳು. ಹಸಿರು ದೀಪ ಹತ್ತಿತು.

“ಅದೊಂದು ಕೆಲಸಗಳ್ಳ ಬೆರಳು ಸಾರ್,” ಎಂದಳು. “ಈಗ ನೋಡಿ, ಅದೇ ಮಾನ ಉಳಿಸ್ತು.” ಕಿಟಕಿಯವನು ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ.

ಆಮೇಲೆ ಅವನು ಎರಡು ದಾರಿ ಹೇಳಿದ. ತುರ್ತು ಕಾಗದ ನಾಲ್ಕು ದಿನದಲ್ಲಿ ಸಿಗುತ್ತದೆ. ಅದರಲ್ಲಿ ಊರಿಗೆ ಹೋಗಬಹುದು, ಹಿಂದಿರುಗುವ ಹಾಗಿಲ್ಲ. ಹೊಸ ಪಾಸ್‌ಪೋರ್ಟಿಗೆ ಆರು ವಾರ. ಆಮೇಲೆ ವೀಸಾಕ್ಕೆ ಕಂಪನಿಯ ಪತ್ರ ಬೇರೆ ಬೇಕು.

ಅವಳು ಬೆಂಚಿನ ಮೇಲೆ ಬಹಳ ಹೊತ್ತು ಕೂತಳು. ಆಮೇಲೆ ಎದ್ದು ಹೋಗಿ ಆರು ವಾರದ್ದನ್ನು ಬರೆಸಿದಳು.

ಸಂಜೆ ಮಗಳಿಗೆ ಫೋನು ಮಾಡಿದಳು.

“ನಾಲ್ಕು ದಿನದ್ದನ್ನ ಬಿಟ್ಟು ಆರು ವಾರದ್ದು ತಗೊಂಡ್ಯಾ? ತಲೆ ಕೆಟ್ಟಿದ್ಯಾ ಅಮ್ಮ ನಿಂಗೆ?”

“ಆ ಕಾಗದದಲ್ಲಿ ಬಂದ್ರೆ ನಾನು ಇಲ್ಲಿಂದ ಹ್ಯಾಗೂ ತೊಲಗಿದ ಹಾಗೆ ಕಣೇ. ಅವ್ರಿಗೆ ಬೇಕಾಗಿರೋದೂ ಅದೇ. ಉಳಿದ ಮೂವರ ಪರವಾಗಿ ಮಾತಾಡೋರು ಯಾರು?”

“ನನ್ನ ಹೆರಿಗೆ ನೋಡೋರು ಯಾರು?”

ಮಗಳು ಫೋನಿಟ್ಟಳು. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಒಂದು ಧ್ವನಿಸಂದೇಶ ಬಂತು. “ನಮ್ಮತ್ತೆ ಬಾಣಂತನ ಮಾಡ್ತಾರಂತೆ. ಮಗು ದೊಡ್ಡದಾಗಿ ಅಜ್ಜಿ ಎಲ್ಲಿ ಅಂತ ಕೇಳಿದ್ರೆ, ಬಸ್ಸಲ್ಲಿ ಕಳೆದುಹೋಗಿದ್ದಾಳೆ ಅಂತೀನಿ.” ಕೊನೆಯಲ್ಲಿ ಸಣ್ಣ ನಗು ಇತ್ತು. ಇಸ್ತ್ರಿಯಕ್ಕ ಆ ನಗುವನ್ನೇ ಹತ್ತು ಸಲ ಕೇಳಿದಳು.

ಎರಡು ವಾರ ಕಳೆದ ಮೇಲೆ ಠಾಣೆಯ ಅಧಿಕಾರಿಣಿ ಇಬ್ಬರು ಪೇದೆಗಳ ಜೊತೆ ಲಾಂಡ್ರಿಗೆ ಬಂದಳು. ಯಂತ್ರಗಳನ್ನು ನಿಲ್ಲಿಸಿದರು. ಮುದ್ರೆಯಪ್ಪ ಬೀರು ತೆರೆದ. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಕಂಪನಿಯ ರಿಜಿಸ್ಟರು ನೋಡಿಕೊಂಡು ಒಂದೊಂದೇ ಹೆಸರು ಕೂಗಿದಳು. ಅಷ್ಟು ವರ್ಷ ಅವರನ್ನು ಕರೆಯುತ್ತಿದ್ದುದು ಅಂಗಿಗೆ ಹೊಲಿದ ನಂಬರಿನಿಂದ. ತಮ್ಮ ಹೆಸರು ಕೇಳಿದರೂ ಕೆಲವರು ತಕ್ಷಣ ಅಲುಗಲಿಲ್ಲ. ಪಕ್ಕದವರು ತಿವಿದು ಕಳಿಸಿದರು.

ಮೂವತ್ತಮೂರು ಪಾಸ್‌ಪೋರ್ಟು ಕೈಯಿಂದ ಕೈಗೆ ಬಂದವು. ತೆರೆದು ನೋಡಿದವರಿಗೆ ತಮ್ಮ ಗುರುತೇ ಹತ್ತಲಿಲ್ಲ. “ಇದು ನೀನಾ? ಇಷ್ಟು ಕೂದಲಿತ್ತಾ ನಿಂಗೆ?” “ಕೆನ್ನೆ ನೋಡೇ ಇವಳದ್ದು, ಬನ್ನಿನ ಥರ!” ಅಂಗಳ ತುಂಬ ನಗು. ಒಬ್ಬಳು ಗೋಡೆಗೆ ಒರಗಿ ಅಳುತ್ತಿದ್ದಳು. ಅವಳದ್ದು ಅವಧಿ ಮುಗಿದು ಎರಡು ವರ್ಷವಾಗಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಪುಸ್ತಕವಿಲ್ಲದ ಐದು ಹೆಸರು ಉಳಿದವು. ನಾಲ್ಕು ಎಲ್ಲರಿಗೂ ಗೊತ್ತಿದ್ದವೇ. ಐದನೆಯ ಹೆಸರನ್ನು ಅಧಿಕಾರಿಣಿ ಎರಡು ಸಲ ಕೂಗಿದಳು. ಯಾರೂ ಮುಂದೆ ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಆಫೀಸಿನ ಬಾಗಿಲಲ್ಲಿ ನಿಂತಿದ್ದ ಮುದ್ರೆಯಪ್ಪ ಮೆಲ್ಲಗೆ ಕೈ ಎತ್ತಿದ. ಅವನ ಪಾಸ್‌ಪೋರ್ಟೂ ಅದೇ ಬೀರುವಿನಲ್ಲಿತ್ತು. ಅದೇ ಚೀಲದಲ್ಲಿ ಗುಜರಿಗೆ ಹೋಗಿತ್ತು.

ಮುದ್ರೆಯಪ್ಪನಿಗೂ ಒಂದು ಹೆಸರಿದೆ ಎಂದು ಲಾಂಡ್ರಿಗೆ ಗೊತ್ತಾದದ್ದು ಆವತ್ತು.

ಮಗಳಿಗೆ ಹೆರಿಗೆಯಾದ ಸುದ್ದಿ ಬಂದಾಗ ಇಸ್ತ್ರಿಯಕ್ಕನ ಕೈ ಮೊಣಕೈವರೆಗೆ ಸಾಬೂನು ನೀರಿನಲ್ಲಿತ್ತು. ಹೆಣ್ಣು ಮಗು. ದಿನ ತುಂಬುವ ಮೊದಲೇ ಬಂದಿತ್ತು. ಚಿಕ್ಕಮ್ಮ ಫೋನನ್ನು ಅವಳ ಕಿವಿಗೆ ಹಿಡಿದಳು. ಆ ಕಡೆ ಮಗು ಅಳುತ್ತಿತ್ತು. ಇಸ್ತ್ರಿಯಕ್ಕ ಕಿವಿಯನ್ನು ಫೋನಿಗೆ ಒತ್ತಿ ಕೇಳಿದಳು. ಫೋನು ನಿಂತ ಮೇಲೆ ಬಗ್ಗಿ ಮುಂದಿನ ಗಂಟು ಎಳೆದಳು. ಆ ದಿನ ಅವಳು ಯಾರನ್ನೂ ರೇಗಿಸಲಿಲ್ಲ.

ಮುಂದಿನ ವಾರ ಹೊಸ ಪಾಸ್‌ಪೋರ್ಟು ಬಂತು. ಅದರಲ್ಲಿ ವೀಸಾದ ಹಾಳೆ ಖಾಲಿ. ಕಂಪನಿ ಪತ್ರ ಕೊಡುತ್ತಿರಲಿಲ್ಲ. ಮಾಲೀಕ ಬೇಡವೆಂದಿದ್ದಾನೆ ಎಂದು ಹೇಳಿಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಮುದ್ರೆಯಪ್ಪನೇ ಒಗೆಯುವ ಹಾಲಿಗೆ ಬಂದ. ಪ್ಯಾಂಟು ಮೊಣಕಾಲಿನ ತನಕ ಮಡಚಿದ್ದ. ಆ ನೀರಿಗೆ ಅವನು ಕಾಲಿಟ್ಟದ್ದು ಅದೇ ಮೊದಲು.

“ಅಕ್ಕಾ,” ಎಂದ.

“ಯಾರನ್ನ ಕರೀತಿದ್ದೀರಾ ಸಾಹೇಬ್ರೆ? ಇಲ್ಲಿ ಎಲ್ಲರಿಗೂ ನಂಬರ್ ಇದೆ.”

“ನನ್ನ ಕೈಲೂ ಸೈನ್ ಕೇಳ್ತಿದ್ದಾರೆ ಮಾಲೀಕರು.”

“ಏನಂತ?”

ಅವನು ನೀರು ನೋಡಿದ. “ಬಸ್ಸಲ್ಲಿ...”

ಇಸ್ತ್ರಿಯಕ್ಕ ಗಂಟು ಬಿಟ್ಟು ನಕ್ಕಳು. ವಾರಗಿತ್ತಿಯರೂ ನಕ್ಕರು. “ಅಯ್ಯೋ, ಆವತ್ತು ನೀವೂ ಇದ್ರಾ ಬಸ್ಸಲ್ಲಿ? ಎಲ್ಲಿ ಕೂತಿದ್ರಿ, ಕಾಣಲೇ ಇಲ್ಲ! ಕರೆದಿದ್ರೆ ಜಾಗ ಬಿಡ್ತಿದ್ವಿ.”

ಅವನು ನಗು ಮುಗಿಯುವ ತನಕ ಕಾದ. “ನೀವು ಠಾಣೆಗೆ ಬಂದು, ಬೀರುವಲ್ಲೇ ಇತ್ತು ಅಂತ ನನ್ನ ಪರ ಸಾಕ್ಷಿ ಹೇಳ್ಬೇಕು. ನಾನು ಸೈನ್ ಹಾಕಿಲ್ಲ ಇನ್ನೂ.”

“ಬರ್ತೀನಿ. ಮೊದಲು ನಮ್ಮ ನಾಲ್ವರ ವೀಸಾಕ್ಕೆ ಪತ್ರ. ಪಾಸ್‌ಪೋರ್ಟು ಕಂಪನಿಯ ಬೀರುವಲ್ಲಿದ್ದಾಗ ಕಳೆದಿದೆ ಅಂತ. ನಿಮ್ಮ ಮುದ್ರೆ ಹಾಕಿ.”

“ಕೆಲಸ ಹೋಗುತ್ತೆ ಅಕ್ಕ.”

“ಹೋಗ್ಬಹುದು,” ಎಂದಳು ಅವಳು. ಸಮಾಧಾನದ ಮಾತು ಒಂದೂ ಸೇರಿಸಲಿಲ್ಲ. “ನನ್ನ ಮಗಳ ಹೆರಿಗೆ ಹೋಯ್ತು. ಅದನ್ನ ವಾಪಸ್ ಕೊಡೋಕೆ ನಿಮ್ಮ ಕೈಲಾಗಲ್ಲ. ಇದು ಆಗುತ್ತೆ.”

ಅವನು ಹೋದ. ಬರೆಯಲಿಕ್ಕಿಲ್ಲ ಎಂದು ಚಿಕ್ಕಮ್ಮ ಹೇಳಿದಳು. ಇಸ್ತ್ರಿಯಕ್ಕನಿಗೂ ನಂಬಿಕೆ ಇರಲಿಲ್ಲ. ಸಂಜೆ ವ್ಯಾನು ಹತ್ತುವಾಗ ಅವನು ನಾಲ್ಕು ಲಕೋಟೆ ಅವಳ ಕೈಗೆ ತುರುಕಿ ಹಿಂದಿರುಗಿ ನೋಡದೆ ನಡೆದುಬಿಟ್ಟ. ನಾಲ್ಕರ ಮೇಲೂ ಮುದ್ರೆ ಇತ್ತು.

ಮೂರನೆಯ ದಿನ ಮುದ್ರೆ ಬೇರೆಯವನ ಕೈಗೆ ಹೋಯಿತು. ಮುದ್ರೆಯಪ್ಪನನ್ನು ಆಫೀಸಿನಿಂದ ಎಬ್ಬಿಸಿ, ಲಾರಿಗೆ ಬಟ್ಟೆಯ ಗಂಟು ಹೊರಲು ಹಾಕಿದರು. ಆದರೆ ಪತ್ರ ಅಷ್ಟರಲ್ಲಿ ವೀಸಾ ಕಚೇರಿ ಸೇರಿತ್ತು. ಹದಿನೈದು ದಿನಕ್ಕೆ ಇಸ್ತ್ರಿಯಕ್ಕನ ಖಾಲಿ ಹಾಳೆಗೆ ವೀಸಾ ಅಂಟಿತು. ಹೊಸ ಗುಮಾಸ್ತ ಕೈ ಚಾಚಿ “ಕೊಡು, ಬೀರುವಲ್ಲಿಡ್ತೀನಿ” ಎಂದಾಗ ಅವಳು ಅವನ ಕೈ ಕುಲುಕಿ ಬಂದಳು. ಮೊಮ್ಮಗಳಿಗೆ ಒಂದು ತಿಂಗಳು ಕಳೆಯುವ ಮೊದಲು ಹೊರಡುವುದೆಂದು ನಿಗದಿಯಾಯಿತು.

ಹೊರಡುವ ಹಿಂದಿನ ದಿನ ಕೊಟ್ಟ ಮಾತಿನಂತೆ ಠಾಣೆಗೆ ಹೋದಳು. ಹಳದಿ ಬಸ್ಸಿನಲ್ಲಿ, ಮುದ್ರೆಯಪ್ಪನ ಜೊತೆ. ಲಾರಿಯ ಕೆಲಸಕ್ಕೆ ಅವನ ಹೆಗಲು ಒಂದು ಕಡೆ ವಾಲಿತ್ತು. ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು. “ಎರಡು ವಾರ ಉರಿಯುತ್ತೆ,” ಎಂದಳು ನೋಡಿ. “ಆಮೇಲೆ ಚರ್ಮ ಸಾಯುತ್ತೆ.”

ಅಧಿಕಾರಿಣಿ ಅವನಿಗೆ ಕಾಗದ ಕೊಟ್ಟು, ನಿಮ್ಮ ಭಾಷೆಯಲ್ಲೇ ಬರೆಯಿರಿ, ಅನುವಾದ ನಾವು ಮಾಡಿಸುತ್ತೇವೆ ಎಂದಳು. ಅವನು ಬರೆದ. ದುಂಡಗಿನ ಅಕ್ಷರ, ಎರಡು ಹಾಳೆ. ಬರೆದು ಮುಗಿಸಿ, ಸಾಕ್ಷಿಯ ಸಹಿಗೆಂದು ಇಸ್ತ್ರಿಯಕ್ಕನ ಮುಂದೆ ಇಟ್ಟ.

ಅವಳು ಕಾಗದವನ್ನು ಬೆಳಕಿಗೆ ತಿರುಗಿಸಿದಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದಳು. ಗೋಡೆ ಗಡಿಯಾರದ ಮುಳ್ಳು ಸರಿಯಿತು. ಅಧಿಕಾರಿಣಿ ಕಾದಳು. ಮುದ್ರೆಯಪ್ಪ ಕುರ್ಚಿಯಲ್ಲಿ ಮಿಸುಕಾಡಿದ.

“ಹಾಕಿಬಿಡಿ ಅಕ್ಕ,” ಎಂದ ಕೊನೆಗೆ. “ನಾನೇ ಬರೆದಿರೋದಲ್ವಾ.”

“ಅದಕ್ಕೇ ಓದ್ತಿದ್ದೀನಿ,” ಎಂದಳು ಇಸ್ತ್ರಿಯಕ್ಕ. ಬೆರಳನ್ನು ಎರಡನೆಯ ಸಾಲಿಗೆ ಇಳಿಸಿದಳು.